ಸೇ ಎಲ್ಲಿ, ಟೆಲ್ ಎಲ್ಲಿ? ತೋಟದ ರೈಟರ್ ಒಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕಪತ್ರ ನೋಡಿಕೊಳ್ಳುವ ಗುಮಾಸ್ತ, ಆಗಿದ್ದೇನೆ. ಸಾಹುಕಾರ್ರು ಇರುವುದು ಬೆಂಗಳೂರಿನಲ್ಲಿ. ದಿನಾ ಸಂಜೆ ತೋಟದ ವರದಿಯನ್ನು ಇಂಗ್ಲಿಷಿನಲ್ಲಿ ಬರೆದು ವಾಟ್ಸಾಪಿಗೆ ಹಾಕಬೇಕು. ಈಗ ಅದನ್ನು ಓದುವವರು ಅವರ ಮಗ. ‘ಮೇಸ್ತ್ರಿ ಟೋಲ್ಡ್ ದಟ್ ಟೆನ್ ವರ್ಕರ್ಸ್ ವಿಲ್ ನಾಟ್ ಕಮ್ ಟುಮಾರೋ’, ‘ಐ ಸೆಡ್ ಹಿಮ್ ಟು ಕ್ಲೀನ್ ದಿ ಪಲ್ಪರ್’ (ಪಲ್ಪರ್ ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ), ‘ಲೈನ್‌ಮನ್ ಟೋಲ್ಡ್ ಟು ಮಿ ಪವರ್ ವಿಲ್ ಕಮ್ ಇನ್ ದಿ ಈವ್ನಿಂಗ್’ ಅಂತ ಬರೆದಿದ್ದೆ. ಮೂರೂ ತಪ್ಪು ಅಂದರು. ಸೇ ಅಂದರೂ ಹೇಳು, ಟೆಲ್ ಅಂದರೂ ಹೇಳು. ಹಾಗಿದ್ದ ಮೇಲೆ ತಪ್ಪೆಲ್ಲಿ? ಇನ್ನೊಂದು: ಮೊನ್ನೆ ಅವರು ಮೂಟೆಗಳ ಫೋಟೋ ನೋಡಿ ‘ಐ ಕಾಂಟ್ ಟೆಲ್ ವಿಚ್ ಬ್ಯಾಗ್ಸ್ ಆರ್ ಅರೇಬಿಕಾ’ ಅಂತ ಬರೆದರು (ಅರೇಬಿಕಾ, ರೊಬಸ್ಟಾ ಕಾಫಿಯ ಎರಡು ಜಾತಿ). ಯಾವುದು ಅಂತ ಹೇಳಲು ಅವರಿಗೆ ಇಷ್ಟವಿಲ್ಲ ಅಂದುಕೊಂಡು ನಾನು ಸುಮ್ಮನಾದೆ. ಯಾಕೆ ಉತ್ತರ ಕೊಡಲಿಲ್ಲ ಅಂತ ಆಮೇಲೆ ಕೇಳಿದರು. ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಉತ್ತರ:

ಮೊದಲು ನಿಮ್ಮ ಮೂರು ವಾಕ್ಯ ಸರಿ ಮಾಡಿಬಿಡೋಣ. ಕಾರಣ ಆಮೇಲೆ ನೋಡೋಣ, ಯಾಕೆಂದರೆ ಇವತ್ತು ಸಂಜೆಯೂ ನೀವು ವರದಿ ಕಳಿಸಲೇಬೇಕಲ್ಲ.

‘ದಿ ಮೇಸ್ತ್ರಿ ಟೋಲ್ಡ್ ಮಿ ದಟ್ ಟೆನ್ ವರ್ಕರ್ಸ್ ವಿಲ್ ನಾಟ್ ಕಮ್ ಟುಮಾರೋ.’ ಮೊದಲಿನ ‘ದಿ’ ಬಿಟ್ಟರೆ ಇಲ್ಲಿ ಸೇರಿದ್ದು ‘ಮಿ’ ಒಂದೇ. ಅದು ಬೇಡ ಅನ್ನಿಸಿದರೆ ‘ದಿ ಮೇಸ್ತ್ರಿ ಸೆಡ್ ದಟ್’ ಅಂತ ಶುರು ಮಾಡಿ. ಎರಡನೆಯದು ‘ಐ ಟೋಲ್ಡ್ ಹಿಮ್ ಟು ಕ್ಲೀನ್ ದಿ ಪಲ್ಪರ್.’ ಮೂರನೆಯದು ‘ದಿ ಲೈನ್‌ಮನ್ ಟೋಲ್ಡ್ ಮಿ ದಟ್ ದಿ ಪವರ್ ವುಡ್ ಕಮ್ ಬ್ಯಾಕ್ ಇನ್ ದಿ ಈವ್ನಿಂಗ್.’ ಇಲ್ಲಿ ‘ಟು’ ಬಿದ್ದುಹೋಯಿತು. ‘ವಿಲ್’ ಯಾಕೆ ‘ವುಡ್’ ಆಯಿತು ಅನ್ನುವುದನ್ನು ಮುಂದೆ ನೋಡೋಣ.

ಮೂರನ್ನೂ ಪಕ್ಕಪಕ್ಕ ಇಟ್ಟರೆ ಒಂದು ವಿಷಯ ಕಾಣುತ್ತದೆ. ‘ಟೆಲ್’ ಬಂದ ಕೂಡಲೇ, ಅದರ ಬೆನ್ನಿಗೇ, ಯಾರಿಗೆ ಹೇಳಿದ್ದು ಅನ್ನುವುದು ಬಂದಿದೆ. ಮಿ, ಹಿಮ್, ಮಿ. ನಡುವೆ ಏನೂ ಇಲ್ಲ. ಟೆಲ್ ಅನ್ನುವ ಕ್ರಿಯಾಪದದ ಗಮನವೆಲ್ಲ ಕೇಳುವವನ ಮೇಲೆ. ಯಾರ ಕಿವಿಗೆ ಬಿತ್ತು ಅಂತ ಹೇಳದೆ ಅದು ಮುಂದೆ ಹೋಗುವುದಿಲ್ಲ. ಸೇ ಅನ್ನುವುದರ ಗಮನ ಬಾಯಿಂದ ಬಂದ ಮಾತಿನ ಮೇಲೆ. ಅದಕ್ಕೆ ಕೇಳುವವನು ಬೇಕಿಲ್ಲ. ಬೇಕೇ ಬೇಕು ಅಂದರೆ ‘ಟು’ ಹಾಕಿ ಕರೆಯಬೇಕು: ‘ವಾಟ್ ಡಿಡ್ ಹಿ ಸೇ ಟು ಯು?’

ಇಷ್ಟು ನಿಯಮ ಯಾವ ಗ್ರಾಮರ್ ಪುಸ್ತಕದಲ್ಲೂ ಇದೆ. ನೀವೂ ಶಾಲೆಯಲ್ಲಿ ಓದಿಯೇ ಇರುತ್ತೀರಿ. ಆದರೂ ‘ಟೋಲ್ಡ್ ದಟ್’ ಅನ್ನುವುದು ಕೈಗೆ ತಾನಾಗಿಯೇ ಬರುತ್ತದೆ. ನಿಮಗೊಬ್ಬರಿಗಲ್ಲ, ವಕೀಲರಿಗೂ ಬರುತ್ತದೆ, ಮೇಷ್ಟ್ರುಗಳಿಗೂ ಬರುತ್ತದೆ. ಯಾಕೆ? ನನ್ನ ಪ್ರಕಾರ ಕಾರಣ ನಮ್ಮ ಕನ್ನಡದಲ್ಲಿದೆ.

‘ನಾಳೆ ಬರಲ್ಲ ಅಂತ ಹೇಳಿದ.’ ಈ ವಾಕ್ಯವನ್ನು ಸ್ವಲ್ಪ ನಿಧಾನವಾಗಿ ನೋಡಿ. ಇಲ್ಲಿ ಹೇಳುವುದನ್ನು ಸೂಚಿಸುವ ಕ್ರಿಯಾಪದ ಒಂದಲ್ಲ, ಎರಡು ಇವೆ. ಹೇಳಿದ ಅನ್ನುವುದು ಕಣ್ಣಿಗೆ ಬೀಳುತ್ತದೆ. ಇನ್ನೊಂದು ‘ಅಂತ’ದ ಒಳಗೆ ಕೂತಿದೆ. ಅದು ‘ಅನ್ನು’ವಿನಿಂದ ಬಂದದ್ದು. ಬರವಣಿಗೆಯ ‘ಎಂದು’ ಕೂಡ ‘ಎನ್ನು’ ಧಾತುವಿನ ರೂಪವೇ. ಹಾಗಾಗಿ ‘ಎಂದು ಹೇಳಿದ’ ಅಂದಾಗ ನಾವು ಮಾತನ್ನು ಹಿಡಿಯುವ ಕೆಲಸವನ್ನು ‘ಎಂದು’ವಿಗೆ ಕೊಟ್ಟಿದ್ದೇವೆ, ತಲುಪಿಸುವ ಕೆಲಸವನ್ನು ‘ಹೇಳಿದ’ಕ್ಕೆ ಕೊಟ್ಟಿದ್ದೇವೆ. ನಾವು ಸೇ ಮತ್ತು ಟೆಲ್ ಎರಡನ್ನೂ ಒಟ್ಟಿಗೇ ಬಳಸುವ ಜನ. ಇಂಗ್ಲಿಷಿಗೆ ಹೋದಾಗ ‘ಅಂತ’ದ ಜಾಗಕ್ಕೆ ‘ದಟ್’ ಹಾಕುತ್ತೇವೆ, ‘ಹೇಳಿದ’ ಜಾಗಕ್ಕೆ ‘ಟೋಲ್ಡ್’ ಹಾಕುತ್ತೇವೆ. ಲೆಕ್ಕ ಸರಿಹೋಯಿತು ಅನ್ನಿಸುತ್ತದೆ. ಆದರೆ ‘ದಟ್’ ಅನ್ನುವುದು ‘ಅಂತ’ ಅಲ್ಲ. ಅದರ ಹೊಟ್ಟೆಯಲ್ಲಿ ಯಾವ ಕ್ರಿಯಾಪದವೂ ಇಲ್ಲ. ಕೇಳುವವನನ್ನು ಹೆಸರಿಸದೆ ಮಾತನ್ನು ಹಿಡಿಯಬೇಕಾದ್ದು ‘ಸೆಡ್’ ಮಾತ್ರ.

‘ಟೋಲ್ಡ್ ಟು ಮಿ’ ಆಗುವುದೂ ಹೀಗೆಯೇ. ‘ನನಗೆ’ ಅನ್ನುವಲ್ಲಿ ನಮ್ಮ ‘ಗೆ’ ಇದೆ. ಅದನ್ನು ‘ಟು’ ಮಾಡಿ ದಾಟಿಸುತ್ತೇವೆ. ‘ಗಿವ್’ ಜೊತೆ ಅದು ನಡೆಯುತ್ತದೆ, ‘ಗೇವ್ ಇಟ್ ಟು ಮಿ’ ಸರಿ. ಟೆಲ್ ಜೊತೆ ಹಾಗೆ ಮಾಡಿದರೆ ಓದುವವರಿಗೆ ಎಡವಿದ ಹಾಗಾಗುತ್ತದೆ.

ಹಾಗಾದರೆ ಕನ್ನಡವೇ ತೊಂದರೆಯೇ? ಅಲ್ಲ. ಕನ್ನಡದಲ್ಲೇ ಉಪಾಯವೂ ಇದೆ. ಬರೆಯುವ ಮುಂಚೆ ಮನಸ್ಸಿನಲ್ಲಿ ‘ಹೇಳಿದ’ ತೆಗೆದು ‘ಅಂದ’ ಇಟ್ಟು ನೋಡಿ. ‘ಮಳೆ ಬರುತ್ತೆ ಅಂದ.’ ಕೂರುತ್ತದೆ, ಅಲ್ವಾ? ಅಲ್ಲಿ ‘ಸೆಡ್’ ಧೈರ್ಯವಾಗಿ ಬರೆಯಿರಿ. ‘ದಾರಿ ಅಂದ’, ‘ಕತೆ ಅಂದ’, ‘ವಿಷಯ ಅಂದ’ ಇವು ಕೂರುವುದಿಲ್ಲ. ಅಲ್ಲಿ ‘ಟೋಲ್ಡ್’. ದಾರಿ ಹೇಳಿದ ಅಂದರೆ ‘ಟೋಲ್ಡ್ ಮಿ ದಿ ವೇ’. ಹೆಸರಿನ ವಿಷಯದಲ್ಲಿ ಎರಡೂ ನಡೆಯುತ್ತದೆ, ಅರ್ಥ ಮಾತ್ರ ಬೇರೆ. ‘ಹಿ ಟೋಲ್ಡ್ ಮಿ ಹಿಸ್ ನೇಮ್’ ಅಂದರೆ ನನಗೆ ಗೊತ್ತಿರಲಿಲ್ಲ, ತಿಳಿಸಿದ. ‘ಹಿ ಸೆಡ್ ಹಿಸ್ ನೇಮ್’ ಅಂದರೆ ಹೆಸರನ್ನು ಬಾಯಿಬಿಟ್ಟು ಉಚ್ಚರಿಸಿದ, ಅಷ್ಟೆ. ಮೈಕ್ ಪರೀಕ್ಷೆ ಮಾಡುವವನು ಮಾಡುವುದು ಎರಡನೆಯದು.

ಈ ಉಪಾಯ ಕೈಕೊಡುವ ಜಾಗವೂ ಇದೆ. ಮಗ್ಗಿ ಹೇಳುವುದು, ಮಂತ್ರ ಹೇಳುವುದು. ಇಲ್ಲಿ ‘ಅನ್ನು’ ಹಾಕಿದರೆ ಕನ್ನಡ ಕೆಡುತ್ತದೆ, ಆದರೂ ಇಂಗ್ಲಿಷಿನಲ್ಲಿ ಸೇ ಬರುತ್ತದೆ: ‘ಸೇ ಯುವರ್ ಪ್ರೇಯರ್ಸ್’. ಯಾರಿಗೂ ಹೊಸ ವಿಷಯ ತಿಳಿಸುತ್ತಿಲ್ಲ, ಬಾಯಿಂದ ಪದ ಹೊರಡಿಸುತ್ತಿದ್ದೇವೆ, ಅದಕ್ಕೆ. ಇನ್ನು ನಮ್ಮ ಕಡೆ ಹಾಡನ್ನೂ ‘ಹೇಳು’ತ್ತೇವೆ. ಇಂಗ್ಲಿಷಿನಲ್ಲಿ ಅದು ಎರಡೂ ಅಲ್ಲ, ‘ಸಿಂಗ್’.

ಶಾಲೆಯಲ್ಲಿ ಕಲಿಸುವ ರೀತಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಡೈರೆಕ್ಟ್ ಸ್ಪೀಚನ್ನು ಇನ್‌ಡೈರೆಕ್ಟ್ ಮಾಡುವ ಪಾಠ ನೆನಪಿದೆಯಾ? ‘ಸೆಡ್ ಟು’ ಬಂದರೆ ‘ಟೋಲ್ಡ್’ ಮಾಡಿ, ಬರೀ ‘ಸೆಡ್’ ಬಂದರೆ ಹಾಗೇ ಬಿಡಿ, ಕಾಮಾ ತೆಗೆದು ‘ದಟ್’ ಹಾಕಿ. ನಿಯಮದಲ್ಲಿ ತಪ್ಪಿಲ್ಲ. ಅದನ್ನು ಪಾಲಿಸಿದರೆ ಮಾರ್ಕ್ಸ್ ಬರುತ್ತದೆ. ಆದರೆ ಮಕ್ಕಳ ತಲೆಯಲ್ಲಿ ಉಳಿಯುವುದು ಮಾತ್ರ ಬೇರೆ. ಸೆಡ್ ಅನ್ನುವುದು ನೇರ ಮಾತಿಗೆ, ಟೋಲ್ಡ್ ಅನ್ನುವುದು ವರದಿ ಮಾತಿಗೆ ಅಂತ ಉಳಿದುಬಿಡುತ್ತದೆ. ವರದಿ ಅಂದ ಕೂಡಲೇ ಟೋಲ್ಡ್ ಓಡಿಬರುತ್ತದೆ, ಹಿಂದೆಯೇ ದಟ್ ಬರುತ್ತದೆ, ನಡುವಿನ ಮನುಷ್ಯ ಕಾಣೆಯಾಗುತ್ತಾನೆ. ‘ಸೆಡ್ ಟು’ದ ಮುಂದೆ ಇದ್ದ ಮನುಷ್ಯನೇ ‘ಟೋಲ್ಡ್’ದ ಮುಂದೆಯೂ ಇರಬೇಕು ಅನ್ನುವುದನ್ನು ಒತ್ತಿ ಹೇಳಿದ್ದರೆ ಸಾಕಿತ್ತು. ಟೋಲ್ಡ್ ಬಂದದ್ದೇ ಅವನಿಗೋಸ್ಕರ.

ಉಚ್ಚಾರಣೆಯ ವಿಷಯ ಬೇಗ ಮುಗಿಸುತ್ತೇನೆ. ಅದು ‘ಸೆಡ್’, ‘ಸೇಡ್’ ಅಲ್ಲ. ನಮ್ಮಲ್ಲಿ ಸೇಡು ಅಂದರೆ ಏನು ಅಂತ ನಿಮಗೆ ಗೊತ್ತೇ ಇದೆ, ಪಾಪ ಮೇಸ್ತ್ರಿ ಅಂಥದ್ದೇನೂ ಮಾಡಿಲ್ಲ. ‘ಸೇ’ಗೆ ಎಸ್ ಸೇರಿದಾಗಲೂ ‘ಸೇಸ್’ ಅಲ್ಲ, ‘ಸೆಜ್’.

ಈಗ ಎರಡನೆಯ ವಾಕ್ಯಕ್ಕೆ ಬರೋಣ. ಪಲ್ಪರ್ ತೊಳೆಯಲು ಹೇಳಿದ್ದು. ಇಲ್ಲಿ ಹೇಳಿದ್ದು ಸುದ್ದಿಯಲ್ಲ, ಕೆಲಸ. ಕೆಲಸ ಹೇಳುವುದು ಟೆಲ್‌ಗೆ ಸೇರಿದ್ದು: ಟೋಲ್ಡ್, ಮನುಷ್ಯ, ಆಮೇಲೆ ‘ಟು’ ಸೇರಿದ ಕ್ರಿಯಾಪದ. ಕನ್ನಡದಲ್ಲೂ ಈ ಭೇದ ಇದೆ, ನೋಡಿ. ‘ಬಾ ಅಂದರು’ ಮತ್ತು ‘ಬರೋಕೆ ಹೇಳಿದರು’. ಮೊದಲನೆಯದರಲ್ಲಿ ಮಾತು ಹಾಗೆಯೇ ಇದೆ. ಎರಡನೆಯದರಲ್ಲಿ ಮಾತು ಕರಗಿ ಕೆಲಸ ಉಳಿದಿದೆ. ಕ್ರಿಯಾಪದದ ಕೊನೆಯಲ್ಲಿ ‘ಓಕೆ’, ‘ಅಲು’ ಬಂದ ಕಡೆ ನಾವೂ ‘ಅಂದ’ ಬಳಸುವುದಿಲ್ಲ. ‘ತೊಳೆಯೋಕೆ ಅಂದ’ ಅಂತ ಯಾರೂ ಹೇಳುವುದಿಲ್ಲ ತಾನೇ? ‘ಸೆಡ್ ಹಿಮ್ ಟು ಕ್ಲೀನ್’ ಇಂಗ್ಲಿಷ್ ಕಿವಿಗೆ ಹಾಗೆ ಕೇಳುತ್ತದೆ.

ಬೇಡ ಅಂದಾಗ ‘ನಾಟ್’ ಎಲ್ಲಿ ಹೋಗಬೇಕು ಅನ್ನುವುದೂ ಮುಖ್ಯ. ‘ಹಸಿರು ಕಾಯಿ ಕುಯ್ಯಬೇಡಿ ಅಂತ ಹೇಳಿದೆ’ ಅನ್ನುವುದಕ್ಕೆ ‘ಐ ಟೋಲ್ಡ್ ದೆಮ್ ನಾಟ್ ಟು ಪಿಕ್ ಗ್ರೀನ್ ಬೆರೀಸ್’. ಅದನ್ನು ‘ಐ ಡಿಡ್ ನಾಟ್ ಟೆಲ್ ದೆಮ್ ಟು ಪಿಕ್’ ಅಂತ ಬರೆದರೆ ‘ಕುಯ್ಯಿ ಅಂತ ನಾನು ಹೇಳಿಲ್ಲ’ ಅಂತಾಗುತ್ತದೆ. ಹಸಿರು ಕಾಯಿ ಜಾಸ್ತಿ ಬಂದ ದಿನ ಈ ಎರಡು ವಾಕ್ಯಕ್ಕೂ ತುಂಬಾ ವ್ಯತ್ಯಾಸ ಇದೆ. ಒಂದರಲ್ಲಿ ನೀವು ಎಚ್ಚರಿಕೆ ಕೊಟ್ಟ ರೈಟರ್, ಇನ್ನೊಂದರಲ್ಲಿ ಜಾರಿಕೊಳ್ಳುವ ರೈಟರ್.

ವರದಿ ಬರೆಯುವವರಿಗೆ ಇದಕ್ಕಿಂತ ಅಪಾಯದ ಜಾಗ ಇನ್ನೊಂದಿದೆ. ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಕನ್ನಡದಲ್ಲಿ ನಾವು ಇನ್ನೊಬ್ಬರ ಮಾತನ್ನು ಅವರು ಆಡಿದ ಹಾಗೆಯೇ ಎತ್ತಿ ಇಡುತ್ತೇವೆ. ‘ನಾನು ನಾಳೆ ಬೇಲೂರಿಗೆ ಹೋಗ್ತೀನಿ ಅಂತ ಮೇಸ್ತ್ರಿ ಹೇಳಿದ.’ ಇಲ್ಲಿ ‘ನಾನು’ ಯಾರು? ಮೇಸ್ತ್ರಿ. ಕನ್ನಡಿಗರಿಗೆ ಅನುಮಾನವೇ ಬರುವುದಿಲ್ಲ. ಇದನ್ನೇ ‘ದಿ ಮೇಸ್ತ್ರಿ ಟೋಲ್ಡ್ ಮಿ ದಟ್ ಐ ವಿಲ್ ಗೋ ಟು ಬೇಲೂರ್ ಟುಮಾರೋ’ ಅಂತ ಬರೆದರೆ ಬೇಲೂರಿಗೆ ಹೋಗುವವರು ನೀವು! ಸಾಹುಕಾರ್ರ ಮಗ ಓದಿ, ರೈಟರ್ರೇ ಯಾಕೆ ಬೇಲೂರಿಗೆ ಹೊರಟರು, ಅದನ್ನು ಮೇಸ್ತ್ರಿ ಯಾಕೆ ತೀರ್ಮಾನ ಮಾಡಿದ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ‘ದಟ್’ ಬಂದ ಮೇಲೆ ಎಲ್ಲರನ್ನೂ ಬರೆಯುವವನ ಕಡೆಯಿಂದ ನೋಡಬೇಕು. ಮೇಸ್ತ್ರಿ ‘ಹಿ’ ಆಗುತ್ತಾನೆ. ಸೇ ಆಗಲಿ ಟೆಲ್ ಆಗಲಿ, ಈ ನಿಯಮ ಎರಡಕ್ಕೂ ಒಂದೇ.

ಕಾಲದ ವಿಷಯವೂ ಇಲ್ಲೇ ಬರುತ್ತದೆ. ‘ವಿಲ್’ ಇದ್ದದ್ದನ್ನು ‘ವುಡ್’ ಮಾಡಲೇಬೇಕು ಅಂತ ಶಾಲೆಯಲ್ಲಿ ಹೇಳುತ್ತಾರೆ. ಅಷ್ಟು ಬಿಗಿ ಬೇಡ. ಆಳುಗಳು ನಾಳೆ ಬರುವುದಿಲ್ಲ ಅನ್ನುವುದನ್ನು ಇವತ್ತೇ ಬರೆಯುತ್ತಿದ್ದೀರಿ, ನಾಳೆ ಇನ್ನೂ ಬಂದಿಲ್ಲ. ಅದಕ್ಕೇ ಮೇಲೆ ‘ವಿಲ್ ನಾಟ್’ ಹಾಗೆಯೇ ಬಿಟ್ಟೆ. ‘ವುಡ್ ನಾಟ್’ ಅಂದರೂ ಸರಿ. ಆದರೆ ಕರೆಂಟಿನ ವಿಷಯ ಹಾಗಲ್ಲ. ಲೈನ್‌ಮನ್ ಬೆಳಗ್ಗೆ ಹೇಳಿದ, ನೀವು ಸಂಜೆ ಬರೆಯುತ್ತಿದ್ದೀರಿ. ಅವನು ಹೇಳಿದ ಹೊತ್ತು ಬಂದೇಬಿಟ್ಟಿದೆ. ಕರೆಂಟ್ ಬಂದಿರಬಹುದು, ಬರದೆಯೂ ಇರಬಹುದು. ಹಾಗಾಗಿ ‘ವುಡ್’.

ಈಗ ನಮ್ಮ ‘ಅಂತೆ’. ಕನ್ನಡಕ್ಕೆ ಇದೊಂದು ವರ. ‘ಮೇಸ್ತ್ರಿಗೆ ಜ್ವರವಂತೆ.’ ಯಾರು ಹೇಳಿದರು ಅಂತ ಹೇಳುವ ಗೋಜೇ ಇಲ್ಲ, ನಾನು ಕಣ್ಣಾರೆ ಕಂಡಿಲ್ಲ ಅನ್ನುವುದೂ ಅದರಲ್ಲೇ ಬಂತು. ಇಂಗ್ಲಿಷಿನಲ್ಲಿ ಇಂಥ ಒಂದು ಸಣ್ಣ ಬಾಲ ಇಲ್ಲ. ಅದಕ್ಕೆ ಸೇ, ಟೆಲ್ ಎರಡೂ ಬೇರೆ ಬೇರೆ ದಾರಿಯಲ್ಲಿ ಸಹಾಯಕ್ಕೆ ಬರುತ್ತವೆ.

ಊರಿಗೆಲ್ಲ ಗೊತ್ತಿರುವ ಹಳೆಯ ಮಾತಾದರೆ ಸೇ. ಯೆಮೆನ್‌ನಿಂದ ಏಳು ಕಾಫಿ ಬೀಜ ತಂದು ಚಿಕ್ಕಮಗಳೂರಿನ ನಮ್ಮ ಗಿರಿಯಲ್ಲಿ ಬಿತ್ತಿದರಂತೆ ಸೂಫಿ ಸಂತ ಬಾಬಾ ಬುಡನ್. 17ನೇ ಶತಮಾನದ ಈ ಕತೆಯನ್ನು ಇಂಗ್ಲಿಷಿನಲ್ಲಿ ‘ಬಾಬಾ ಬುಡನ್ ಈಸ್ ಸೆಡ್ ಟು ಹ್ಯಾವ್ ಬ್ರಾಟ್ ಸೆವೆನ್ ಕಾಫಿ ಸೀಡ್ಸ್ ಫ್ರಮ್ ಯೆಮೆನ್’ ಅಂತಾರೆ. ‘ಈಸ್ ಸೆಡ್ ಟು ಹ್ಯಾವ್’ ಅನ್ನುವ ಅಷ್ಟೂ ಪದ ನಮ್ಮ ‘ಅಂತೆ’ಯ ಕೆಲಸ ಮಾಡುತ್ತಿವೆ. ಅಲ್ಲಿ ಸೆಡ್ ತೆಗೆದು ‘ವಾಸ್ ಟೋಲ್ಡ್ ಟು ಬ್ರಿಂಗ್’ ಅಂತ ಮಾಡಿ ನೋಡಿ. ಕತೆಯೇ ಬದಲಾಗುತ್ತದೆ. ಯಾರೋ ಬೀಜ ತರಲು ಹೇಳಿ ಕಳಿಸಿದರು, ಇವರು ಹೋದರು ಅಂತಾಗುತ್ತದೆ. ಎರಡು ಪದಗಳ ಸ್ವಭಾವ ಇಷ್ಟು ಚೆನ್ನಾಗಿ ಕಾಣುವ ಜಾಗ ಬೇರೆ ಇಲ್ಲ.

ದಿನದ ಸುದ್ದಿಗೆ ಮಾತ್ರ ‘ಇಟ್ ಈಸ್ ಸೆಡ್’ ಬಳಸಬೇಡಿ. ‘ಇಟ್ ಈಸ್ ಸೆಡ್ ದಟ್ ದಿ ಪಲ್ಪರ್ ಬೆಲ್ಟ್ ಈಸ್ ಬ್ರೋಕನ್’ ಅಂದರೆ ಪಲ್ಪರಿನ ಬೆಲ್ಟು ಹರಿದದ್ದೂ ಗಿರಿಯ ಪುರಾಣ ಆಗಿಬಿಡುತ್ತದೆ. ಅಲ್ಲಿ ‘ಐ ವಾಸ್ ಟೋಲ್ಡ್ ದಟ್’ ಬೇಕು. ಸರ್ಕಾರಿ ಕನ್ನಡದ ‘ನನಗೆ ತಿಳಿಸಲಾಯಿತು’ ಇದೆಯಲ್ಲ, ಅದೇ. ‘ಐ ವಾಸ್ ಸೆಡ್’ ಅನ್ನುವ ಪ್ರಯೋಗ ಇಲ್ಲವೇ ಇಲ್ಲ. ಸೇಗೆ ಕೇಳುವವನು ನೇರವಾಗಿ ಅಂಟಿಕೊಳ್ಳುವುದಿಲ್ಲ, ಅಂಟಿಕೊಳ್ಳದವನು ವಾಕ್ಯದ ಮೊದಲಿಗೆ ಬಂದು ಹೇಗೆ ಕೂರುತ್ತಾನೆ?

ಬರಹದ ವಿಷಯಕ್ಕೆ ಬಂದರೆ ಇಂಗ್ಲಿಷಿನಲ್ಲಿ ವಸ್ತುಗಳೂ ಮಾತಾಡುತ್ತವೆ. ನಾವು ‘ಬೋರ್ಡಿನಲ್ಲಿ ಹಾಕಿದ್ದಾರೆ’, ‘ಪೇಪರಿನಲ್ಲಿ ಬಂದಿದೆ’ ಅನ್ನುತ್ತೇವೆ. ಅವರು ‘ದಿ ಬೋರ್ಡ್ ಸೆಜ್’, ‘ದಿ ಪೇಪರ್ ಸೆಜ್’ ಅನ್ನುತ್ತಾರೆ. ಔಷಧಿ ಡಬ್ಬದ ಮೇಲೆ ಇರುವುದನ್ನು ತಿಳಿಸಲು ‘ಇಟ್ ಈಸ್ ರಿಟನ್ ಇನ್ ದಿ ಲೇಬಲ್ ದಟ್’ ಅಂತ ಸುತ್ತಬೇಡಿ, ‘ದಿ ಲೇಬಲ್ ಸೆಜ್’ ಸಾಕು. ಕಾಫಿ ಹೂ ಅರಳಿಸುವ ಹೂವಿನ ಮಳೆ 80 ಸೆಂಟು (ನೂರು ಸೆಂಟಿಗೆ ಒಂದು ಇಂಚು) ಬಿದ್ದರೆ ‘ದಿ ರೇನ್ ಗೇಜ್ ಸೆಜ್ ಎಯ್ಟಿ ಸೆಂಟ್ಸ್’ ಅನ್ನಬಹುದು. ಟೆಲ್ ಕೂಡ ವಸ್ತುವಿನ ಜೊತೆ ಬರುತ್ತದೆ, ಆದರೆ ಅಲ್ಲೂ ತನ್ನ ಚಾಳಿ ಬಿಡುವುದಿಲ್ಲ, ಕೇಳುವವನನ್ನು ಕೇಳುತ್ತದೆ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ, ಸುಮಾರು ಕ್ರಿ.ಶ. 450ರದ್ದು. ಯುದ್ಧದಲ್ಲಿ ಶೌರ್ಯ ತೋರಿದವನಿಗೆ ಹಳ್ಳಿಗಳನ್ನು ಬಿಟ್ಟುಕೊಟ್ಟ ವಿಷಯ ಅದರಲ್ಲಿದೆ. ಇದನ್ನು ‘ದಿ ಹಲ್ಮಿಡಿ ಇನ್‌ಸ್ಕ್ರಿಪ್ಶನ್ ಟೆಲ್ಸ್ ಅಸ್ ಅಬೌಟ್ ಎ ಗ್ರಾಂಟ್ ಆಫ್ ವಿಲೇಜಸ್’ ಅಂತ ಬರೆಯಬೇಕು. ಆ ‘ಅಸ್’ ಇಲ್ಲದಿದ್ದರೆ ವಾಕ್ಯ ಕುಂಟುತ್ತದೆ.

‘ಅಬೌಟ್’ ಬಂತಲ್ಲ, ಅಲ್ಲೊಂದು ಎಚ್ಚರ. ‘ಟೋಲ್ಡ್ ಮಿ ಅಬೌಟ್ ದಿ ರೇನ್’ ಸರಿ. ‘ಸೆಡ್ ಅಬೌಟ್ ದಿ ರೇನ್’ ತಪ್ಪು. ಸೇಗೆ ಅಬೌಟ್ ಮುಂಚೆ ಏನಾದರೂ ಇರಬೇಕು: ‘ಸೆಡ್ ನಥಿಂಗ್ ಅಬೌಟ್ ದಿ ರೇನ್’.

ಇನ್ನು ‘ಐ ಕಾಂಟ್ ಟೆಲ್’. ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಇದು. ಸಾಹುಕಾರ್ರ ಮಗ ಹೇಳಿದ್ದು ‘ಯಾವ ಮೂಟೆ ಅರೇಬಿಕಾ ಅಂತ ನನಗೆ ಗೊತ್ತಾಗುತ್ತಿಲ್ಲ’ ಅಂತ. ಅದು ಪ್ರಶ್ನೆಯೇ, ಉತ್ತರ ಕಾಯುತ್ತಿದ್ದರು.

ಹೇಳು ಅನ್ನುವ ಪದಕ್ಕೆ ಗುರುತು ಹಿಡಿ ಅನ್ನುವ ಅರ್ಥ ಎಲ್ಲಿಂದ ಬಂತು? ಟೆಲ್‌ನ ಹಳೆಯ ಅರ್ಥಗಳಲ್ಲಿ ಎಣಿಸು ಅನ್ನುವುದೂ ಒಂದು. ಬ್ಯಾಂಕಿನಲ್ಲಿ ದುಡ್ಡು ಎಣಿಸಿ ಕೊಡುವವರಿಗೆ ‘ಟೆಲ್ಲರ್’ ಅನ್ನುವುದು ಅದಕ್ಕೇ, ಅವರು ಏನೂ ಹೇಳದಿದ್ದರೂ ಟೆಲ್ಲರೇ. ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಮತ ಎಣಿಸುವ ಸದಸ್ಯರಿಗೂ ಟೆಲ್ಲರ್ ಅಂತಲೇ ಹೆಸರು. ‘ಆಲ್ ಟೋಲ್ಡ್’ ಅಂದರೆ ಎಲ್ಲ ಸೇರಿಸಿ ಎಣಿಸಿದರೆ. ‘ಟೆಲಿಂಗ್ ಬೀಡ್ಸ್’ ಅಂದರೆ ಜಪಮಾಲೆಯ ಮಣಿ ಎಣಿಸುವುದು. ಇಂಗ್ಲಿಷಿನ ಹತ್ತಿರದ ನಂಟ ಜರ್ಮನ್ ಭಾಷೆಯಲ್ಲಿ ಎಣಿಸುವುದಕ್ಕೆ ‘ತ್ಸೇಲೆನ್’, ಕತೆ ಹೇಳುವುದಕ್ಕೆ ‘ಎರ್‌ತ್ಸೇಲೆನ್’. ನಮಗೆ ಇದರಲ್ಲಿ ಆಶ್ಚರ್ಯ ಇರಬೇಕಿಲ್ಲ. ‘ಎಣಿಸು’ ಅನ್ನುವ ನಮ್ಮ ಪದವೂ ದುಡ್ಡು ಎಣಿಸುವುದಕ್ಕೂ ಸರಿ, ‘ಹೀಗಾಗುತ್ತೆ ಅಂತ ಎಣಿಸಿದ್ದೆ’ ಅನ್ನುವುದಕ್ಕೂ ಸರಿ. ಎಣಿಸುವವನು ಒಂದೊಂದನ್ನೇ ಬೇರೆ ಮಾಡಿ ನೋಡಬೇಕು. ಬೇರೆ ಮಾಡಿ ನೋಡಿದವನಿಗೆ ಇದು ಅದಲ್ಲ ಅಂತ ಗೊತ್ತಾಗುತ್ತದೆ. ಎಣಿಸುವುದಕ್ಕೂ ಗುರುತಿಸುವುದಕ್ಕೂ ಇರುವ ನಂಟನ್ನು ನಾನು ಹೀಗೆ ನೋಡುತ್ತೇನೆ.

ಈ ಅರ್ಥದಲ್ಲಿ ಬಂದಾಗ ಟೆಲ್ ಜೊತೆ ಸಾಮಾನ್ಯವಾಗಿ ‘ಕ್ಯಾನ್’, ‘ಕುಡ್’, ‘ಹಾರ್ಡ್ ಟು’ ಇಂಥದ್ದೇನಾದರೂ ಇರುತ್ತದೆ. ಅದೇ ನಿಮಗೆ ಗುರುತು. ಕೇಳುವವನು ಬೇಕು ಅನ್ನುವ ನಿಯಮ ಇಲ್ಲಿ ನಡೆಯುವುದಿಲ್ಲ, ಯಾಕೆಂದರೆ ಇಲ್ಲಿ ಯಾರೂ ಯಾರಿಗೂ ಏನೂ ಹೇಳುತ್ತಿಲ್ಲ. ನೀವು ಹೀಗೆ ಉತ್ತರ ಬರೆಯಬಹುದಿತ್ತು: ‘ಯು ಕ್ಯಾನ್ ಟೆಲ್ ಅರೇಬಿಕಾ ಫ್ರಮ್ ರೊಬಸ್ಟಾ ಬೈ ದಿ ಶೇಪ್ ಆಫ್ ದಿ ಬೀನ್.’ ಅರೇಬಿಕಾ ಬೀಜ ಸ್ವಲ್ಪ ಉದ್ದ, ನಡುವಿನ ಗೀರು ಡೊಂಕು. ರೊಬಸ್ಟಾ ಗುಂಡಗೆ, ಗೀರು ಹೆಚ್ಚುಕಡಿಮೆ ನೇರ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮೂಟೆಯ ಫೋಟೋದಲ್ಲಿ ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ, ‘ನೋಬಡಿ ಕ್ಯಾನ್ ಟೆಲ್’! ಕಾಂಡಕೊರಕ ಹುಳ ಬಿದ್ದ ಗಿಡದ ವಿಷಯಕ್ಕೂ ಇದೇ ಪದ ಬರುತ್ತದೆ. ಕಾಂಡದ ಮೇಲೆ ಏಣು ಎದ್ದಿರುತ್ತದಲ್ಲ, ಅದರಿಂದ ಗುರುತಿಸಬಹುದು ಅನ್ನಲು ‘ಯು ಕ್ಯಾನ್ ಟೆಲ್ ಬೈ ದಿ ರಿಡ್ಜಸ್ ಆನ್ ದಿ ಸ್ಟೆಮ್’.

ಕೇಳುವವನಿಲ್ಲದೆ ಟೆಲ್ ಬರುವ ಇನ್ನೊಂದು ಸಣ್ಣ ಗುಂಪು ಇದೆ. ಇದನ್ನು ಬಾಯಿಪಾಠ ಮಾಡುವುದೇ ಸುಲಭ: ‘ಟೆಲ್ ದಿ ಟ್ರುತ್’, ‘ಟೆಲ್ ಎ ಲೈ’, ‘ಟೆಲ್ ಎ ಸ್ಟೋರಿ’, ‘ಟೆಲ್ ದಿ ಟೈಮ್’. ಸುಳ್ಳು ಹೇಳಿದ ಅನ್ನುವುದಕ್ಕೆ ‘ಸೆಡ್ ಎ ಲೈ’ ಬರೆಯಬೇಡಿ. ನಮಸ್ಕಾರ ಹೇಳುವುದು, ಥ್ಯಾಂಕ್ಸ್ ಹೇಳುವುದು, ಸಾರಿ ಹೇಳುವುದು ಇವೆಲ್ಲ ಸೇ. ಸಾಹುಕಾರ್ರಿಗೆ ನಮಸ್ಕಾರ ತಿಳಿಸಿ ಅನ್ನಲು ‘ಪ್ಲೀಸ್ ಸೇ ನಮಸ್ಕಾರ ಟು ಹಿಮ್’ ಅಂತ ಬರೆಯಬಹುದು. ಬುದ್ಧಿ ಹೇಳುವುದಕ್ಕೆ ಎರಡೂ ಬೇಡ, ‘ಅಡ್ವೈಸ್’ ಇದೆ. ಚಾಡಿ ಹೇಳುವುದಕ್ಕೆ ‘ಟೆಲ್ ಆನ್’ ಅನ್ನುತ್ತಾರೆ. ವರದಿಯಲ್ಲಿ ಅದರ ಅಗತ್ಯ ಬೀಳದಿರಲಿ.

ಸೇ ಪದದ ಒಂದು ಬಳಕೆ ಅಂತೂ ನಮ್ಮದೇ ಅನ್ನಿಸುವಷ್ಟು ಹತ್ತಿರ. ‘ಒಂದು ಐವತ್ತು ಮೂಟೆ ಆಗುತ್ತೆ ಅನ್ನಿ’ ಅನ್ನುತ್ತೇವಲ್ಲ, ಆ ‘ಅನ್ನಿ’ ಇಂಗ್ಲಿಷಿನಲ್ಲೂ ‘ಸೇ’ಯೇ. ‘ವಿ ವಿಲ್ ಗೆಟ್, ಸೇ, ಫಿಫ್ಟಿ ಬ್ಯಾಗ್ಸ್.’ ಲೆಕ್ಕ ಪಕ್ಕಾ ಅಲ್ಲ, ಅಂದಾಜು. ಎರಡು ಕಡೆ ಕಾಮಾ ಹಾಕುವುದನ್ನು ಮರೆಯಬೇಡಿ.

ಹಾಗೆಯೇ ‘ದಿ ಸೆಡ್’. ಕ್ರಯಪತ್ರದಲ್ಲಿ ‘ಸದರಿ ಸ್ವತ್ತಿನ ಚಕ್ಕುಬಂದಿ’ ಅಂತ ಓದಿರುತ್ತೀರಿ. ಆ ಸದರಿಯೇ ‘ದಿ ಸೆಡ್ ಪ್ರಾಪರ್ಟಿ’. ಪತ್ರ ಬರಹಗಾರರ ಭಾಷೆಯಲ್ಲಿ ಅದಕ್ಕೆ ಮರ್ಯಾದೆ ಇದೆ. ಕೆಲವರು ಗತ್ತು ಬರಲಿ ಅಂತ ‘ದಿ ಸೆಡ್ ಪಲ್ಪರ್ ಹ್ಯಾಸ್ ಬೀನ್ ರಿಪೇರ್ಡ್’ ಅಂತ ಬರೆಯುತ್ತಾರೆ. ವಾಟ್ಸಾಪಿನಲ್ಲಿ ಅದನ್ನು ಓದಿದರೆ ಪಲ್ಪರ್ ಮೇಲೆ ಕೇಸು ನಡೆಯುತ್ತಿದೆ ಅನ್ನಿಸುತ್ತದೆ. ‘ದಿ ಪಲ್ಪರ್’ ಸಾಕು.

ಕೊನೆಯದಾಗಿ, ವ್ಯಾಕರಣದಲ್ಲಿ ಸರಿಯಿದ್ದೂ ಕೆಲಸ ಕೆಡಿಸುವ ಒಂದು ವಾಕ್ಯ. ‘ಕೂಲಿ ದುಡ್ಡು ಕಳಿಸೋಕೆ ಸಾಹುಕಾರ್ರಿಗೆ ಹೇಳಿದೆ’ ಅಂತ ನಾವು ಕನ್ನಡದಲ್ಲಿ ಸಹಜವಾಗಿ ಹೇಳುತ್ತೇವೆ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾತಿನ ಧಾಟಿಯಲ್ಲೇ ಅದು ಕೋರಿಕೆ ಅಂತ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ‘ಐ ಟೋಲ್ಡ್ ಸರ್ ಟು ಸೆಂಡ್ ದಿ ವೇಜಸ್’ ಅಂದರೆ ಅಪ್ಪಣೆ ಕೊಟ್ಟ ಹಾಗೆ. ಟೆಲ್, ಮನುಷ್ಯ, ಟು ಅನ್ನುವ ಆ ಕಟ್ಟಿನಲ್ಲಿ ಹೇಳುವವನು ಮೇಲೆ, ಮಾಡುವವನು ಕೆಳಗೆ. ಮೇಸ್ತ್ರಿಗೆ, ಡ್ರೈವರಿಗೆ ಅದು ಸರಿ. ಸಾಹುಕಾರ್ರ ವಿಷಯ ಬಂದಾಗ ‘ಐ ಆಸ್ಕ್ಡ್ ಸರ್ ಟು ಸೆಂಡ್ ದಿ ವೇಜಸ್’ ಅಂತ ಬರೆಯಿರಿ. ಬ್ಯಾಂಕಿನ ಮ್ಯಾನೇಜರು, ಕರೆಂಟ್ ಆಫೀಸಿನ ಇಂಜಿನಿಯರು, ಔಷಧಿ ಅಂಗಡಿಯವರು ಇವರಿಗೂ ‘ಆಸ್ಕ್ಡ್’ ಹಾಕಿ. ಬರೀ ಸುದ್ದಿ ತಿಳಿಸಿದ್ದಾದರೆ ಮಾತ್ರ ದೊಡ್ಡವರಿಗೂ ‘ಟೋಲ್ಡ್’ ಬಳಸಬಹುದು: ‘ಐ ಟೋಲ್ಡ್ ಸರ್ ದಟ್ ದಿ ಪಿಕಿಂಗ್ ವಾಸ್ ಓವರ್.’ ಅಲ್ಲಿ ಅಪ್ಪಣೆ ಇಲ್ಲ, ಕುಯ್ಲು ಮುಗಿದ ಸುದ್ದಿ ಅಷ್ಟೆ.